ಸೆಂಟರ್ ಫಾರ್ವರ್ಡಿನ ಜಾಗ

ಮೈಸೂರಿನ ಕಾಲೇಜಿನಲ್ಲಿ ನಾನು ಹಾಕಿ ಆಡಿದವಳು, ಅದೂ ಮುಂದಿನ ಸಾಲಿನಲ್ಲಿ. ಹಾಗಾಗಿ ಎಂಬತ್ತರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ನಮ್ಮ ಬೀದಿಯ ಹೆಂಗಸರು ಸಾಕರ್ ತಂಡ ಕಟ್ಟಿದಾಗ, ಸೆಂಟರ್ ಫಾರ್ವರ್ಡ್ ಜಾಗ ನನಗೇ ಬೇಕೆಂದು ಬಾಯಿಬಿಟ್ಟು ಕೇಳಿದೆ. ಸಂಕೋಚ ನನ್ನ ಜಾತಕದಲ್ಲೇ ಇಲ್ಲ.

ಕೋಚು ನಮ್ಮ ಪಕ್ಕದ ಮನೆಯ ಹಿರಿಯರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಲಸೆ ಬಂದವರ ಕ್ಲಬ್ಬುಗಳಷ್ಟೇ ಸಾಕರ್ ಆಡುತ್ತಿದ್ದ ಕಾಲದಲ್ಲಿ ಹೆಸರು ಮಾಡಿದ ಫಾರ್ವರ್ಡ್. ವಾರವಿಡೀ ಬೇಕರಿಯಲ್ಲಿ ಮೈದಾ ಮೂಟೆ ಹೊರುವುದು, ಭಾನುವಾರ ಗೋಲು ಹೊಡೆಯುವುದು. ಒಮ್ಮೆ ದೇಶದ ತಂಡಕ್ಕೂ ಆಯ್ಕೆಯಾಗಿ, ಹೊರದೇಶದಲ್ಲಿ ಆಡಿ, ಗೋಲು ಹೊಡೆದು ಬಂದರಂತೆ. ವಾಪಸು ಬಂದಾಗ ಬೇಕರಿಯ ಮೇಸ್ತ್ರಿ "ರಜೆ ಮುಗೀತಾ?" ಎಂದು ಕೇಳಿದ್ದಷ್ಟೇ. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ನಮ್ಮೂರಾಗಿದ್ದರೆ ಹಾರ ಹಾಕಿ ಮೆರವಣಿಗೆ ಮಾಡಿ, ಯಾವನೋ ಪುಢಾರಿ ಭಾಷಣ ಬಿಗಿಯುತ್ತಿದ್ದ ಎಂದೆ. ಭಾಷಣ ಬೇಡ, ಹಾರ ಇರಲಿ ಎಂದು ನಕ್ಕರು.

ನನ್ನ ಓಟವನ್ನು ಅವರು ಮೆಚ್ಚಿಕೊಂಡಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಕಾಲು ಯಾರಿಗಾದರೂ ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ನಮ್ಮಜ್ಜಿ ತಲೆಗೆ ಮೊಟಕಿ ಕಲಿಸಿದ್ದರು. ಹಾಕಿಯಲ್ಲಿ ತಾಗುವುದು ಕೋಲಿಗೆ ಕೋಲು; ಕೋಲಿನ ಕ್ಷಮೆ ಕೇಳಬೇಕಾಗಿಲ್ಲ. ಸಾಕರಿನಲ್ಲಿ ಕಾಲಿಗೆ ಕಾಲು ತಾಗದೆ ಆಟವೇ ಇಲ್ಲ. ಪ್ರಾಕ್ಟೀಸಿನಲ್ಲಿ ಯಾರಿಗಾದರೂ ಒದೆ ಬಿದ್ದರೆ ಸಾಕು, ನನ್ನ ಕೈ ತಾನಾಗಿ ಅವಳ ತೋಳು ಮುಟ್ಟಿ ಕಣ್ಣಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಚೆಂಡು ಕಂಡವರ ಪಾಲಾಗಿರುತ್ತಿತ್ತು.

"ಏನೇ ಇದು, ಗ್ರೌಂಡಲ್ಲಿ ಮಂಗಳಾರತಿ ತಗೋತಿದೀಯಾ?" ಎಂದರು ನಮ್ಮ ಯಜಮಾನರು.

"ಅಮ್ಮಾ, ಜಸ್ಟ್ ಕಿಕ್ ಇಟ್!" ಎಂದು ಮಗಳು ಕಿರುಚಿದಳು.

ಕೋಚು ಮಾತ್ರ ತಮಾಷೆ ಮಾಡಲಿಲ್ಲ. ಪಕ್ಕದೂರು ಪ್ಲೆಸೆಂಟನ್ನಿನವರ ಮೇಲಿನ ಮ್ಯಾಚಿನಲ್ಲೂ ಇದೇ ರಾಗವಾದರೆ ನನ್ನನ್ನು ಹಿಂದಿನ ಸಾಲಿಗೆ ಹಾಕುವುದಾಗಿ ಖಡಾಖಂಡಿತವಾಗಿ ಹೇಳಿದರು. ಹಿಂದಿನ ಸಾಲು! ಮೈ ಉರಿದುಹೋಯಿತು. ಆ ವಾರವೆಲ್ಲ ಪಾತ್ರೆ ತೊಳೆಯುವಾಗಲೂ ನನ್ನ ಕೈಗೆ ಬುದ್ಧಿ ಹೇಳುತ್ತಿದ್ದೆ.

ಮ್ಯಾಚಿನಲ್ಲಿ ಎರಡೂ ಕಡೆಯವರ ಗೋಲು ಸಮ. ಆಟ ಮುಗಿಯುತ್ತಾ ಬಂದಾಗ ಚೆಂಡು ನನಗೆ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಅವಳು ಚೆಂಡಿಗೆಂದು ನೆಲಕ್ಕೆ ಹಾರಿದಳು. ನನ್ನ ಬೂಟು ಅವಳ ಕೆನ್ನೆಗೆ ತಾಗಿತು. ರೆಫರಿ ಸೀಟಿ ಊದಲಿಲ್ಲ. ಚೆಂಡು ಅವಳ ಕೈತಪ್ಪಿ ಗೋಲಿನ ಬಾಯಲ್ಲೇ ಇತ್ತು, ಸುಮ್ಮನೆ ತಳ್ಳಿದ್ದರೂ ಒಳಗೆ ಹೋಗುತ್ತಿತ್ತು. ನಾನು ಮಂಡಿಯೂರಿ ಅವಳ ಕೆನ್ನೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರ ಕಡೆಯವಳೊಬ್ಬಳು ಓಡಿಬಂದು ಚೆಂಡನ್ನು ಆಚೆಗೆ ಒದ್ದಳು. ಮ್ಯಾಚು ಡ್ರಾ ಆಯಿತು. ನಮ್ಮವರು ಯಾರೂ ನನ್ನ ಮುಖ ನೋಡಲಿಲ್ಲ.

ವಾಪಸು ಬರುವಾಗ ಕೋಚ್ ಅವರ ವ್ಯಾನಿನಲ್ಲಿ ನಾನು ಮುಂದಿನ ಸೀಟಿನಲ್ಲಿದ್ದೆ. ಫ್ರೀವೇ ಹತ್ತುತ್ತಲೇ ನಾನೇ ಬಾಯಿ ತೆರೆದೆ. ಮುಖಕ್ಕೆ ಕಾಲು ತಾಗಿಸಿ ಸುಮ್ಮನಿರುವುದು ನನ್ನಿಂದಾಗದು, ಆದರೂ ನಾನು ಫಾರ್ವರ್ಡೇ, ಹಿಂದೆ ಆಡಿಸಿದರೆ ತಂಡಕ್ಕೇ ನಷ್ಟ ಎಂದು ಇಂಗ್ಲಿಷಿನಲ್ಲಿ ಜೋರಾಗಿಯೇ ಹೇಳಿದೆ.

ಅವರು ತಮ್ಮ ಬಲ ಮೊಣಕಾಲನ್ನು ತಟ್ಟಿಕೊಂಡರು. ಅದು ಮಡಚುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು, ಹೇಗಾಯಿತೆಂದು ಗೊತ್ತಿರಲಿಲ್ಲ.

"ಎದುರು ಟೀಮಿನ ಡಿಫೆಂಡರ್ ಒದ್ದಿದ್ದು," ಎಂದರು. "ನನ್ನ ಆಟ ಅವತ್ತಿಗೇ ಮುಗೀತು. ಅವನೂ ನಮ್ಮ ಬೇಕರಿಯವನೇ. ಆಮೇಲೂ ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ದ. ಸಾರಿ ಅಂತ ಒಂದು ಮಾತೂ ಆಡ್ಲಿಲ್ಲ. ಕಾಲು ಹೋಗಿದ್ದು ಹೋಯ್ತು. ನಾನು ಆ ಮಾತಿಗೆ ಕಾಯ್ತಿದ್ದೆ."

ಹಾಗಾದರೆ ಬರುವ ಭಾನುವಾರ ನಾನು ಎಲ್ಲಿ ಆಡಲಿ ಎಂದು ಮೆಲ್ಲಗೆ ಕೇಳಿದೆ.

"ಬೇಗ ಬಾ. ಮೊದಲು ಚೆಂಡು ಒಳಗೆ ತಳ್ಳಿ, ಆಮೇಲೆ ಮುಟ್ಟೋದು ಹೇಗೆ ಅಂತ ಹೇಳಿಕೊಡ್ತೀನಿ," ಎಂದರು. "ಮುಟ್ಟೋದು ಮಾತ್ರ ಬಿಡಬೇಡ. ಸೆಂಟರ್ ಫಾರ್ವರ್ಡ್ ನನ್ನ ಜಾಗ. ಅಲ್ಲಿ ನೀನೇ ಆಡ್ಬೇಕು."