ಸೊಟ್ಟಗಿರಬೇಕಾದ ಸಾಲು

ಎಲ್ಡನ್ ಶ್ರೋಡರ್ ಮೂವತ್ತೆಂಟು ವರ್ಷ ಊರಿನವರ ಮನೆಯ ಹೀಟರ್ ರಿಪೇರಿ ಮಾಡಿದವನು. ನಿವೃತ್ತನಾದ ಮೇಲೆ ಸುಮ್ಮನೆ ಕೂರಬಾರದೇ? ಇಲ್ಲ, ಬಿಜೂ ಚಿತ್ರಮಂದಿರದ ಹಳೆಯ ಆರ್ಗನ್ನನ್ನು ತಲೆಗೆ ಹಚ್ಚಿಕೊಂಡ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಮೇಲಿನವರ ಪರವಾಗಿ ಅತ್ತು, ನಕ್ಕು, ಗುಡುಗಿದ, ಗಾಳಿಯಿಂದ ನುಡಿಯುವ ಕೊಳವೆಗಳ ವಾದ್ಯ ಅದು. ಆಮೇಲೆ ಕೇಳುವವರಿಲ್ಲದೆ ಇಲಿಗಳ ಪಾಲಾಗಿತ್ತು. ಹನ್ನೊಂದು ವರ್ಷ ಪಟ್ಟುಹಿಡಿದು ಕೂತು, ಗಾಳಿ ತುಂಬುವ ತಿದಿಗಳ ಹರಿದ ತೊಗಲನ್ನೆಲ್ಲ ಹೊಸದಾಗಿ ಅಂಟಿಸಿ, ಎಂಟುನೂರು ಕೊಳವೆ ತೊಳೆದು, ಶ್ರುತಿ ಮಾಡಿ ಎಬ್ಬಿಸಿದ. ಹಟಮಾರಿ ಮನುಷ್ಯ, ಮೆಚ್ಚಲೇಬೇಕು.

ಈಗವನಿಗೆ ಎಪ್ಪತ್ತೆಂಟು. ಆರ್ಗನ್ನಿನ ದನಿಯನ್ನು ಮುದ್ರಿಸಿಕೊಳ್ಳಲು ಮಿಲ್ವಾಕಿ ನಗರದಿಂದ ಡೇಲ್ ಒಬರ್ಗ್ ಬಂದಿದ್ದ. ಆಗುವುದಿದ್ದರೆ ಇವತ್ತೇ ಆಗಬೇಕು. ನಾಳೆಯಿಂದ ಛಾವಣಿಯ ಕೆಲಸ ಶುರು, ಧೂಳು ಬೀಳದಂತೆ ಆರ್ಗನ್ನಿಗೆ ಎರಡು ವರ್ಷ ಮುಸುಕು.

ಚರ್ಚಿನಲ್ಲಿ ನುಡಿಸುವ ಲೋಯಿಸ್ ಹಾಗನ್ ಬಂದು ಕೂತು ನಾಲ್ಕು ಸಾಲು ನುಡಿಸಿ ನಿಲ್ಲಿಸಿಬಿಟ್ಟಳು.

"ಇದೇನಯ್ಯಾ ಎಲ್ಡನ್? ಅಳಿಸೋ ಹಾಡು ನುಡಿಸಿದ್ರೆ ಬ್ಯಾಂಕ್ ಗುಮಾಸ್ತನ ಥರ ಮಾತಾಡ್ತಿದೆ!"

ಎಲ್ಡನ್‌ಗೂ ಅದು ಕೇಳಿಸಿತು. ಒಂದು ಸ್ವರವೂ ತಪ್ಪಿಲ್ಲ, ಆದರೆ ಜೀವವೇ ಇಲ್ಲ. ಗಾಳಿಯ ಮೋಟಾರು ನೋಡಿದ, ಸರಿಯಿತ್ತು. ತಿದಿ ನೋಡಿದ, ಅದೂ ಸರಿಯಿತ್ತು. ತಲೆಬುಡ ತಿಳಿಯದೆ ಡೇಲ್‌ನ ಮೇಲೆ ಹರಿಹಾಯ್ದ.

"ನಿನ್ನ ಮೈಕೇ ಕೆಟ್ಟಿರ್ಬೇಕು."

"ಮೈಕ್ ಇನ್ನೂ ಆನ್ ಮಾಡೇ ಇಲ್ಲ, ಸಾರ್."

ಎಲ್ಡನ್ ಏಣಿ ಹತ್ತಿ ಕೊಳವೆಗಳ ಕೋಣೆಗೆ ಹೋದ. ಈ ಬಗೆಯ ಆರ್ಗನ್ನಿನಲ್ಲಿ ಪಿಟೀಲಿನಂಥ ದನಿಗೆ ಎರಡು ಸಾಲು ಕೊಳವೆ. ಮೊದಲನೆಯದು ಶ್ರುತಿಗೆ ಸರಿಯಾಗಿ, ಎರಡನೆಯದು ಬೇಕಂತಲೇ ಕೂದಲೆಳೆಯಷ್ಟು ಮೇಲಕ್ಕೆ. ಎರಡರ ದನಿಯೂ ಒಂದನ್ನೊಂದು ಉಜ್ಜಿದಾಗ ನಾದ ಅಲೆಯಂತೆ ತೂಗುತ್ತದೆ, ಕೇಳುವವರ ಗಂಟಲು ಕಟ್ಟುತ್ತದೆ. ಆ ಎರಡನೆಯ ಸಾಲು ಈಗ ಮೊದಲನೆಯದರಷ್ಟೇ ನೆಟ್ಟಗಿತ್ತು. ಯಾವ ಮುಠ್ಠಾಳ ಇದನ್ನು 'ಸರಿ' ಮಾಡಿದ?

ಶ್ರುತಿ ಮಾಡಿದವರು ಅಲ್ಲಿಯ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುವುದು ಪದ್ಧತಿ. ಎಲ್ಡನ್ ಕನ್ನಡಕ ಏರಿಸಿ ಓದಿದ. 'ಮಂಗಳವಾರ. ಎರಡನೇ ಸಾಲು ಶ್ರುತಿ ತಪ್ಪಿತ್ತು. ಸರಿಪಡಿಸಿದೆ.' ಅಕ್ಷರ ಅವನದೇ. ಮೂರು ಸಲ ಓದಿದರೂ ಅವನದೇ.

"ವರ್ನಾ! ಮಂಗಳವಾರ ಇಲ್ಲಿಗೆ ಯಾರು ಬಂದಿದ್ರು?"

ವರ್ನಾ ಅವನ ಹೆಂಡತಿ, ಕೆಳಗೆ ಆರ್ಗನ್ನಿನ ಬಳಿ ನಿಂತಿದ್ದಳು. ಅವನು ಮೇಲೆ ಕೊಳವೆ ತಿದ್ದುವಾಗ ಕೆಳಗೆ ಕೂತು ಒಂದೊಂದೇ ಕೀಲಿ ಒತ್ತಿ ಹಿಡಿಯುವವಳು. ಅವನು "ಮುಂದಿನದು" ಎಂದು ಕೂಗಬೇಕು, ಅವಳು ಮುಂದಿನದನ್ನು ಒತ್ತಬೇಕು. ಹನ್ನೊಂದು ವರ್ಷದಿಂದ ಅಷ್ಟೇ ಕೆಲಸ.

"ನಾವಿಬ್ರೇ."

"ನಾನು ನೆಟ್ಟಗೆ ಮಾಡ್ತಿದ್ದದ್ದು ನಿಂಗೆ ಕೇಳಿಸ್ಲಿಲ್ವಾ? ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?"

"ಎರಡು ಸಲ ಹೇಳ್ದೆ. 'ಶ್ರುತಿ ಮಾಡೋನು ನಾನೋ ನೀನೋ' ಅಂತ ನನ್ನ ಮೇಲೆ ರೇಗಿದೆ. ಆಮೇಲೆ ನಂಗೇ ಅನುಮಾನ ಬಂತು."

ಎಲ್ಡನ್ ಅಲ್ಲೇ ಹಲಗೆಯ ಮೇಲೆ ಕುಸಿದ. ಮಂಗಳವಾರವನ್ನು ನೆನಪಿಸಿಕೊಳ್ಳಲು ನೋಡಿದ. ವಾರವಾರವೂ ಹೋಗುವ ಶುಕ್ರವಾರದ ಮೀನೂಟ ನೆನಪಿಗೆ ಬಂತು. ಆದರೆ ಅದು ಯಾವ ಶುಕ್ರವಾರ? ಎರಡನೆಯ ಸಾಲಿನ ಮೊದಲ ಕೊಳವೆಯಲ್ಲಿ ಶ್ರುತಿ ತಿದ್ದುವ ಪಟ್ಟಿಯ ಮೇಲೆ ಕೈಯಿಟ್ಟ. ಎಷ್ಟು ಮೇಲಕ್ಕೆ? ಕಿವಿಗೆ ಗೊತ್ತಿರಬೇಕು, ಕೈಗಾದರೂ ಗೊತ್ತಿರಬೇಕು. ಎರಡೂ ಸುಮ್ಮನಿದ್ದವು.

ಕೆಳಗೆ ಡೇಲ್ ಗಡಿಯಾರ ನೋಡಿಕೊಂಡದ್ದು ಏಣಿಯ ಸಂದಿಯಿಂದ ಕಂಡಿತು.

"ವರ್ನಾ," ಎಂದ. "ಎಷ್ಟು ಸೊಟ್ಟಗಿರ್ಬೇಕು ಅಂತ ಇವತ್ತು ನೀನೇ ಹೇಳು."

ಅವಳು ಲೋಯಿಸ್‌ಳನ್ನು ಎಬ್ಬಿಸಿ ಅಲ್ಲಿ ಕೂತಳು. ಆಮೇಲೆ ಕೀಲಿ ಒತ್ತಿದಳು. "ಇನ್ನೊಂಚೂರು. ಅಯ್ಯೋ, ಜಾಸ್ತಿಯಾಯ್ತು. ಹಾಂ, ಅಷ್ಟೇ, ಕೈ ತೆಗಿ."

ಅರವತ್ತೊಂದು ಕೊಳವೆಗೆ ಎರಡು ಗಂಟೆ ಹಿಡಿಯಿತು. ಲೋಯಿಸ್ ಮತ್ತೆ ನುಡಿಸಿದಾಗ ದನಿ ತೂಗಾಡಿತು. ಹಿಂದಿನ ಕುರ್ಚಿಗಳಲ್ಲಿ ವರ್ನಾ ಪಕ್ಕ ಕೂತ ಎಲ್ಡನ್ ಬಿಕ್ಕಳಿಸಿದರೆ ಮೈಕಿಗೆ ಸಿಕ್ಕೀತೆಂದು ಬಾಯಿಗೆ ಟೋಪಿ ಒತ್ತಿಕೊಂಡು ಅತ್ತ.

ಮುದ್ರಣ ಮುಗಿಸಿ ಡೇಲ್ ವೈರು ಸುತ್ತುತ್ತಿದ್ದ. ಎಲ್ಡನ್ ಪಕ್ಕಕ್ಕೆ ತಿರುಗಿ ಮೆಲ್ಲಗೆ ಕೇಳಿದ.

"ನಂಗೇನಾಗಿದೆ, ವರ್ನಾ?"

"ಗೊತ್ತಿಲ್ಲ. ಗುರುವಾರ ಡಾಕ್ಟರ್ ಬರ‍್ಹೇಳಿದಾರೆ. ನೀನು ಬರೋಲ್ಲ ಅಂತ ಎರಡು ವಾರದಿಂದ ಜಗಳ ಆಡ್ತಿದೀಯ."

"ನಾನಾ?"

"ಮತ್ತೆ ಇನ್ಯಾರು?"

ಎಲ್ಡನ್ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಕೂತ.

"ಬರ್ತೀನಿ," ಎಂದ. "ನಾಳೆ ಮತ್ತೆ ಬರೋಲ್ಲ ಅಂತ ರೇಗಿದ್ರೆ, ನನ್ನ ಮಾತು ಕೇಳ್ಬೇಡ."