ಅವ್ವನ ಗೆಲುವಿಗೆ ಆಧಾರ

ನನ್ನ ಅವ್ವ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವಳು. ಅದರ ಬಗ್ಗೆ ಅಂತರಜಾಲದ ವಿಶ್ವಕೋಶದಲ್ಲಿ ಒಂದು ಪುಟ ಬರೆದೆ. ಮೂರನೇ ದಿನಕ್ಕೆ ಅಳಿಸಿದರು. ಯಾರೋ ಸಂಪಾದಕ ಮಹಾಶಯ ಕಾರಣವನ್ನೂ ಕೊಟ್ಟಿದ್ದ: ಇಂಥ ಸಣ್ಣ ಚುನಾವಣೆಗಳು ಊರೂರಲ್ಲೂ ನಡೆಯುತ್ತವೆ, ಎಲ್ಲವನ್ನೂ ಬರೆಯುತ್ತ ಕೂತರೆ ಮುಗಿಯುವುದಿಲ್ಲ.

ಸಣ್ಣದಂತೆ! ನನಗೆ ಮೈಯೆಲ್ಲ ಉರಿಯಿತು. ಎರಡು ಪಂದ್ಯ ಆಡಿ ಮನೆಗೆ ಹೋದ ಕ್ರಿಕೆಟ್ಟಿಗನಿಗೂ ಅಲ್ಲಿ ಪುಟವಿದೆ.

ಚಿತ್ತಾಪುರ ತಾಲ್ಲೂಕಿನ ನಮ್ಮೂರಿನಲ್ಲಿ ಪಂಚಾಯಿತಿಗೆ ಮತ ಹಾಕುವ ರೂಢಿಯೇ ಇರಲಿಲ್ಲ. ಹಿರಿಯರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಒಂದು ಹೆಸರು ಹೇಳುತ್ತಿದ್ದರು, ಉಳಿದವರು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಅದಕ್ಕೆ ಅವಿರೋಧ ಆಯ್ಕೆ ಎನ್ನುತ್ತಾರೆ. ಆ ಸಲ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಕಟ್ಟೆಯವರು ಗೌಡರ ಸೊಸೆಯ ಹೆಸರು ಹೇಳಿದರು. ಅವ್ವ ತೊಗರಿ ಹೊಲದಿಂದ ನೆಟ್ಟಗೆ ಹೋಗಿ ನಾಮಪತ್ರ ಕೊಟ್ಟು ಬಂದಳು. ಅಪ್ಪನಿಗೂ ಹೇಳಿರಲಿಲ್ಲ.

ಹಿರಿಯರೊಬ್ಬರು ಮನೆಗೇ ಬಂದರು. "ತಂಗೀ, ಊರಾಗ ಯಾಕ ಜಗಳ ಹಚ್ಚಾಕತ್ತಿ? ವಾಪಸ್ ತಗೋ."

"ಕಾಕಾ, ನಮ್ಮ ಓಣಿಗೆ ನೀರ ಬಂದು ಎಷ್ಟ ದಿನಾ ಆತು ಹೇಳ್ರಿ, ತಗೋತೀನಿ," ಎಂದಳು ಅವ್ವ. ಅವರು ಚಹಾ ಕುಡಿಯದೆ ಎದ್ದು ಹೋದರು.

ಹನ್ನೊಂದು ಮತಗಳಿಂದ ಗೆದ್ದಳು. ಗುಲಾಲು ಬಿದ್ದದ್ದು ಅಪ್ಪನ ಮೇಲೆ, ಹಾರ ಬಿದ್ದದ್ದೂ ಅಪ್ಪನ ಕೊರಳಿಗೆ. ಮರುದಿನದಿಂದ ಅಪ್ಪ 'ಮೆಂಬರ್ ಸಾಬ್', ಅವ್ವ 'ಮೆಂಬರ್ ಸಾಬರ ಮನಿಯವರು'. ಐದು ವರ್ಷ ಸಭೆಗಳಲ್ಲಿ ಗಂಟಲು ಹರಿದುಕೊಂಡು ಓಣಿಗೆ ನಳ ತಂದವಳು ಅವಳು, ಕೈಮುಗಿಸಿಕೊಂಡವನು ಅಪ್ಪ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ.

ಶಹಾಬಾದಿನಲ್ಲಿ ಮಾಸ್ತರನಾಗಿರುವ ನಾನು ಹಟ ಬಿಡಲಿಲ್ಲ, ಸಂಪಾದಕನ ತಲೆ ತಿಂದೆ. ಕಡೆಗೆ ಅವನು ಸ್ವಲ್ಪ ಇಳಿದ. ಪತ್ರಿಕೆಯ ಆಧಾರ ಕೊಟ್ಟರೆ ನಿಮ್ಮೂರಿನ ಪುಟದಲ್ಲಿ ಒಂದು ಸಾಲು ಸೇರಿಸುತ್ತೇನೆ ಎಂದ.

ಅವ್ವನ ಟ್ರಂಕಿನಲ್ಲಿ ಆಗಿನ ಸುದ್ದಿಯ ತುಣುಕಿತ್ತು. ಅವಳಿಗೆ ಸಹಿ ಬರುತ್ತದೆ, ಓದು ಬಾರದು. ಮದುವೆ ಸೀರೆಯ ಮಡಿಕೆಯಲ್ಲಿ ಜೋಪಾನವಾಗಿಟ್ಟಿದ್ದಳು. ರಜೆಗೆ ಊರಿಗೆ ಹೋದಾಗ ಅದರ ಫೋಟೊ ತೆಗೆದು, ನಾನೂ ಓದದೆ, ಅವಸರದಲ್ಲಿ ಕಳಿಸಿದೆ. ಸಂಜೆ ಉತ್ತರ ಬಂತು: ಇದರಲ್ಲಿ ಗೆದ್ದವರು ಬೇರೆಯವರೆಂದಿದೆ, ಅದರಂತೆಯೇ ಸೇರಿಸಿದ್ದೇನೆ. ತೆಗೆದು ನೋಡಿದರೆ ನಮ್ಮೂರಿನ ಪುಟದಲ್ಲಿ ಅಪ್ಪನ ಹೆಸರು.

ಆಗ ನೆನಪಾಯಿತು. ಎಣಿಕೆ ಕೇಂದ್ರದ ಹೊರಗೆ ವರದಿಗಾರನೊಬ್ಬ ಗೆದ್ದವರ ಹೆಸರು ಕೇಳಿದ್ದ. ಚೀಟಿಯ ಮೇಲೆ ಬರೆದುಕೊಟ್ಟವನು ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನ ಹೆಸರು ತಾನಾಗಿಯೇ ಕೈಗೆ ಬಂದಿತ್ತು. ಥೂ ನನ್ನ ಜನ್ಮಕ್ಕಿಷ್ಟು!

ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಬಂತೇನೋ ನನ್ನ ಹೆಸರ?"

"ಇಲ್ಲವ್ವ. ಆ ಪೇಪರ್ನಾಗ ಅಪ್ಪನ ಹೆಸರ ಅದ."

ಅವಳ ಕೈ ನಿಂತಿತು. "ಇಷ್ಟ ವರ್ಷ ದೇವರಂಗ ಇಟ್ಕೊಂಡಿದ್ನಲ್ಲೋ! ಯಾರ ಬರದಿದ್ರು ಅದನ್ನ?"

"ಯಾರೋ ಪೇಪರಿನವ್ರು," ಎಂದೆ.

"ಬರದವನ ಕೈ ಸೇದಿ ಹೋಗ್ಲಿ," ಎಂದು ಶಪಿಸಿ, ಅವ್ವ ಬಿಸಿ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟಳು.