ಮೂವತ್ತೊಂದು ಟೆರೇಸಿನ ಭೋಜಣ್ಣ

ಭೋಜಣ್ಣ ಎರಡೂ ಕೈ ಚಾಚಿ ನಿಂತರೆ ಬೆರಳ ತುದಿಯಿಂದ ಬೆರಳ ತುದಿಗೆ ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್. ಇದನ್ನು ಯಾರಿಂದಲೋ ಅಳೆಸಿಕೊಂಡು ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಮೊಬೈಲ್ ನೆಟ್‌ವರ್ಕಿನ ಸ್ಟೇಷನ್ನಿಗೆ ಕೇಬಲ್ ಎಳೆಯುವಾಗ ಅವರು ಟೇಪು ಮುಟ್ಟುತ್ತಿರಲಿಲ್ಲ. ಕೇಬಲ್ಲನ್ನು ಎದೆಗೆ ಅಡ್ಡ ಹಿಡಿದು ಮಾರು ಮಾರಾಗಿ ಅಳೆಯುತ್ತ, ತುಳುವಿನಲ್ಲಿ ಎಣಿಸುತ್ತ, ಹೌಸಿಂಗ್ ಸೊಸೈಟಿಯ ಟೆರೇಸಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ನಡುವೆ ಯಾರಾದರೂ ಮಾತನಾಡಿಸಿದರೆ ಕತ್ತು ಮಾತ್ರ ಆಡಿಸುವರು. ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ.

ಮುಂಬೈಯಲ್ಲಿ ಘಾಟ್ಕೋಪರಿನಿಂದ ಮುಲುಂಡಿನವರೆಗೆ ಮೂವತ್ತೊಂದು ಕಟ್ಟಡಗಳ ಮೇಲೆ ನಾವು ಸ್ಟೇಷನ್ ಹಾಕಿದೆವು. ನಾನು ಇಂಜಿನಿಯರು, ಅವರು ಗುತ್ತಿಗೆಯ ಕೇಬಲ್ ಮೇಸ್ತ್ರಿ. ನಮ್ಮದು ಮೈಸೂರಿನಿಂದ ಬಂದು ಮುಲುಂಡಿನಲ್ಲಿ ನೆಲೆಸಿದ ಮನೆ. ಕೆಲಸದ ಜಾಗದಲ್ಲಿ ಕನ್ನಡ ಕೇಳಿದ್ದು ಅವರ ಬಾಯಲ್ಲೇ ಮೊದಲು. ಉಡುಪಿ ಕಡೆಯವರಾದ ಅವರು ಅದಕ್ಕೆ ಮುಂಚೆ ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಹದಿನಾರು ವರ್ಷ ಸಪ್ಲೈಯರ್ ಆಗಿದ್ದರು. ಹನ್ನೆರಡು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ನೆನಪಿಡುತ್ತಿದ್ದರಂತೆ. "ಎಲ್ಲ ಬರೆದಿಟ್ರೆ ತಲೆಗೆ ಎಂತ ಕೆಲಸ ಉಂಟು ಮೇಡಂ?" ಎನ್ನುತ್ತಿದ್ದರು.

ಪ್ರತಿ ಟೆರೇಸಿನಲ್ಲೂ ಹೆಚ್ಚುವರಿ ಕೇಬಲ್ಲನ್ನು ಸುರುಳಿ ಸುತ್ತಿ, ಡಬ್ಬಿಯೊಳಗಿಟ್ಟು ಬಿಗಿಯಾಗಿ ಮುಚ್ಚುವುದು ಅವರ ಇನ್ನೊಂದು ಅಭ್ಯಾಸ. ಮಳೆಗಾಲಕ್ಕೆ ಮುಂಚೆ ವಾಟರ್‌ಪ್ರೂಫಿಂಗ್ ನೆಪದಲ್ಲಿ ಆಂಟೆನಾ ಅತ್ತ ಸರಿಸಿ, ಇತ್ತ ಸರಿಸಿ ಎಂದು ಸೊಸೈಟಿಯವರು ಜೀವ ತಿನ್ನುವುದು ಇಲ್ಲಿ ಮಾಮೂಲು. "ಸೆಕ್ರೆಟರಿಗೆ ನಾಳೆ ಎಂತ ಹೊಳೀತದೋ ಯಾರಿಗೆ ಗೊತ್ತುಂಟು ಮಾರಾಯ್ರೆ. ಕೇಬಲ್ ಸ್ವಲ್ಪ ಜಾಸ್ತಿಯೇ ಇರ್ಲಿ," ಎಂದು ಚಟ್ನಿ ಬಡಿಸುವ ಧಾರಾಳದಲ್ಲಿ ಸುತ್ತುತ್ತಿದ್ದರು.

ಆ ಧಾರಾಳವೇ ನಮ್ಮನ್ನು ಹಳ್ಳಕ್ಕೆ ಕೆಡವಿತು. ಈ ಸ್ಟೇಷನ್ನುಗಳು ಉಪಗ್ರಹದ ಸಿಗ್ನಲ್ ಹಿಡಿದು ತಮ್ಮ ಗಡಿಯಾರ ಹೊಂದಿಸಿಕೊಳ್ಳುತ್ತವೆ. ಟೆರೇಸಿನ ಆಂಟೆನಾದಿಂದ ಯಂತ್ರದವರೆಗೆ ಕೇಬಲ್ಲಿನೊಳಗೆ ಬರಲು ಸಿಗ್ನಲ್ಲಿಗೆ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ತುಂಡು ಮಾಡಿದರೆ ಅದರಲ್ಲಿ ಮೀಟರಿಗೆ ನಾಲ್ಕೈದು ತುಂಡು, ಅಷ್ಟೇ. ಆದರೆ ಕರೆ ಯಾವ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಈ ಗಡಿಯಾರಗಳನ್ನು ಹೋಲಿಸಿಯೇ ಕರೆ ಮಾಡಿದವರ ಜಾಗ ಗುರುತಿಸುವುದು. ಆ ತಡವನ್ನು ಯಂತ್ರಕ್ಕೆ ಸರಿಯಾಗಿ ಹೇಳದಿದ್ದರೆ, ಆಪತ್ತಿನಲ್ಲಿ ಕರೆ ಮಾಡಿದವರು ಇರುವ ಜಾಗವನ್ನು ನೆಟ್‌ವರ್ಕ್ ತಪ್ಪಾಗಿ ತೋರಿಸುತ್ತದೆ. ಕೇಬಲ್ಲಿನ ಉದ್ದವನ್ನು ಕಟ್ಟಡದ ನಕ್ಷೆ ನೋಡಿ ತುಂಬಿದವಳು ನಾನು. ನಕ್ಷೆಯಲ್ಲಿ ಸುರುಳಿಗಳು ಇರಲಿಲ್ಲ.

ಪರೀಕ್ಷೆಯ ದಿನ ಘಾಟ್ಕೋಪರಿನ ಟೆರೇಸಿನಿಂದ ಫೋನ್ ಮಾಡಿದರೆ, ಪರದೆಯ ಮೇಲಿನ ಚುಕ್ಕಿ ರಸ್ತೆ ದಾಟಿ ಎದುರಿನ ಬಿಲ್ಡಿಂಗಿನ ಮೇಲೆ ಕೂತಿತು. ನಮ್ಮ ಮ್ಯಾನೇಜರ್ ಕೆಂಡವಾದರು. ಒಂದು ವಾರದಲ್ಲಿ ಸರಿಯಾಗದಿದ್ದರೆ ಬೇರೆ ತಂಡ ಬರುತ್ತದೆ, ಮೊದಲು ಆ ಮುದುಕನನ್ನು ಮನೆಗೆ ಕಳಿಸುತ್ತೇನೆ ಎಂದರು.

"ಸುರುಳಿ ಬಿಟ್ಟದ್ದು ನಾನು. ತಪ್ಪು ನಂದೇ," ಎಂದರು ಭೋಜಣ್ಣ.

"ನಾನು ನಿಮ್ಮನ್ನ ಕೇಳ್ಲೇ ಇಲ್ವಲ್ಲ ಭೋಜಣ್ಣ," ಎಂದೆ. ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ಮ್ಯಾನೇಜರಿಗೂ ಅದನ್ನೇ ಹೇಳಿದೆ. ಅವರು ಜಗ್ಗಲಿಲ್ಲ.

ಮೀಟರ್ ಹಚ್ಚಿ ತಡವನ್ನು ಅಳೆಯಲಿ, ಡಬ್ಬಿ ತೆರೆದು ಸುರುಳಿ ಬಿಚ್ಚಿ ಟೇಪು ಹಿಡಿಯಲಿ, ಸ್ಟೇಷನ್ ಬಂದ್ ಮಾಡಬೇಕು. ಆ ವಾರದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಮೂರೇ ಕಟ್ಟಡಗಳಿಗೆ. ಉಳಿದ ಇಪ್ಪತ್ತೆಂಟರ ಗತಿ ಏನು ಎಂದು ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಭೋಜಣ್ಣ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ತರಿಸಿದರು. "ಬರ್ಕೊಳ್ಳಿ ಮೇಡಂ, ಸುರುಳಿ ಸೇರಿಸಿಯೇ ಹೇಳ್ತೇನೆ," ಎಂದು ಕಣ್ಣು ಮುಚ್ಚಿದರು.

"ಭಾಂಡುಪ್, ನೀರಿನ ಟ್ಯಾಂಕಿನ ಅಡಿ, ಹನ್ನೊಂದು ಮಾರು. ಪಾರಿವಾಳ ಮೊಟ್ಟೆ ಇಟ್ಟಿತ್ತಲ್ಲ, ಅದನ್ನು ಬಳಸಿ ತರ್ಲಿಕ್ಕೆ ಮತ್ತೆ ಎರಡು. ವಿಕ್ರೋಲಿ, ಗುಜರಾತಿ ಅಜ್ಜಿ ಹಪ್ಪಳ ಒಣಗಿಸ್ತಿದ್ರು ನೋಡಿ, ಅಲ್ಲಿ ಒಂಬತ್ತು..."

ಒಂದೊಂದೇ ಟೆರೇಸು ಬಡಿಸಿದ ಹಾಗೆ ಬಂತು. ಮುಲುಂಡಿನ ಒಂದು ಕಟ್ಟಡಕ್ಕೆ ಮಾತ್ರ ಅವರು ತಡೆದರು. "ಅಲ್ಲಿ ನನಗೆ ಜ್ವರ ಇತ್ತು. ಹದಿಮೂರು ಅಂತ ನೆನಪು. ನಂಬಬೇಡಿ, ಮೀಟರ್ ಹಾಕಿ."

ಹಾಕಿದೆವು. ಪುಣ್ಯಕ್ಕೆ ಅನುಮತಿ ಸಿಕ್ಕಿದ್ದ ಮೂರರಲ್ಲಿ ಅದೂ ಒಂದಾಗಿತ್ತು. ಒಂದೂವರೆ ಮಾರು ವ್ಯತ್ಯಾಸವಿತ್ತು. ಅನುಮತಿ ಸಿಕ್ಕಿದ್ದ ಇನ್ನೆರಡು ಕಡೆಗಳಲ್ಲಿ ಅವರ ಮಾತಿಗೂ ಮೀಟರಿಗೂ ಒಂದು ಮೊಳದ ಅಂತರವೂ ಬರಲಿಲ್ಲ. ಉಳಿದದ್ದನ್ನೆಲ್ಲ ಅವರು ಹೇಳಿದಂತೆಯೇ ಕಣ್ಣು ಮುಚ್ಚಿ ತುಂಬಿದೆ. ನನ್ನ ನೌಕರಿಯೂ ಆ ಅಂಕಿಗಳ ಮೇಲೆಯೇ ನಿಂತಿತ್ತು.

ಆರನೆಯ ದಿನ ಬೆಳಿಗ್ಗೆ ಮತ್ತೆ ಅದೇ ಘಾಟ್ಕೋಪರಿನ ಟೆರೇಸು. ಮ್ಯಾನೇಜರ್ ಮುಖ ಗಂಟಿಕ್ಕಿ ಲ್ಯಾಪ್‌ಟಾಪಿನ ಮುಂದೆ ಕೂತರು. ಭೋಜಣ್ಣ ಫೋನು ಹಿಡಿದು ಅಲ್ಲಿನ ನೀರಿನ ಟ್ಯಾಂಕಿನ ಪಕ್ಕ ನಿಂತು ಕರೆ ಮಾಡಿದರು. ಚುಕ್ಕಿ ಟ್ಯಾಂಕಿನ ಪಕ್ಕವೇ ಬಂತು. ಅವರು ಟೆರೇಸಿನ ಆ ತುದಿಗೆ ನಡೆದರು, ಚುಕ್ಕಿಯೂ ನಡೆಯಿತು. ಬೇಕೆಂದೇ ಒಂದು ಸುತ್ತು ಹಾಕಿ ಬಂದರು, ಅದೂ ಸುತ್ತು ಹಾಕಿತು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

"ನಾನು ಎಲ್ಲಿದ್ದೇನೆ ಅಂತ ಈಗ ಅದಕ್ಕೆ ಗೊತ್ತಾಯ್ತು," ಎಂದರು ಭೋಜಣ್ಣ.

ಮ್ಯಾನೇಜರ್ ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಕಾಕಾ, ಮುಂದಿನ ಬಿಲ್ಡಿಂಗುಗಳೆಲ್ಲ ನಿಮ್ಮವೇ," ಎಂದು ಹಿಂದಿಯಲ್ಲಿ ಹೇಳಿದರು.

ಭೋಜಣ್ಣ ಸೊಂಟದ ಸೇಫ್ಟಿ ಬೆಲ್ಟು ಬಿಚ್ಚಿ ನನ್ನ ಕೈಗಿಟ್ಟರು. ಹಿಂದಿಯಲ್ಲಿ ಮ್ಯಾನೇಜರಿಗೆ ಒಂದೇ ಮಾತು, ಬೇಡ ಎಂದು. ಉಳಿದದ್ದು ನನಗೆ: "ಸೂರತ್ತಿನಲ್ಲಿರುವ ಮಗಳು ಎರಡು ವರ್ಷದಿಂದ ಸಾಕು ಬಾ ಅಂತಿದ್ದಾಳೆ ಮೇಡಂ. ಈ ತಪ್ಪನ್ನು ಹಾಗೇ ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರ್ಲಿಲ್ಲ. ಈಗ ಹೋಗ್ತೇನೆ."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲೆ ಅವರು ಮುಂಬೈಗೆ ಬರಲೇ ಇಲ್ಲ. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಆ ಟೆರೇಸಿನ ಬಾಗಿಲಲ್ಲಿ: ಮುಂದೆ ಕೈ ಬೀಸಿಕೊಂಡು ಭೋಜಣ್ಣ, ಹಿಂದೆ ಅವರ ಸಾಮಾನಿನ ಚೀಲ ಹೊತ್ತುಕೊಂಡು ನಮ್ಮ ಮ್ಯಾನೇಜರು.